ಕಟಾರಿಯವರ ಬದುಕನ್ನು ಬರೆಯಲು ಕೂತಾಗ: ನನ್ನ ಅನುಭವ

ಕಾರವಾರದ ಮಾಜಿ ಸೈನಿಕರ ಬಳಗವೊಂದು ತನ್ನ ಸ್ಮರಣ ಸಂಚಿಕೆಗೆ ನೌಕಾಪಡೆಯ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ರಾಮ್ ದಾಸ್ ಕಟಾರಿಯವರ ಜೀವನಚಿತ್ರ ಬರೆದುಕೊಡಿ ಎಂದು ಕೇಳಿದಾಗ, ಹದಿನೈದು ದಿನದ ಕೆಲಸವೆಂದುಕೊಂಡು ಒಪ್ಪಿಕೊಂಡೆ. ಹಿಡಿದದ್ದು ಏಳು ತಿಂಗಳು. ಅದರಲ್ಲಿ ಅವರ ನೌಕಾಜೀವನಕ್ಕೆ ಮೂರು ವಾರ ಸಾಕಾಯಿತು. ಮಿಕ್ಕ ಕಾಲವೆಲ್ಲ ಅವರು ಸಮವಸ್ತ್ರ ಕಳಚಿದ ಮೇಲೆ ಬರ್ಮಾದಲ್ಲಿ ಭಾರತದ ರಾಯಭಾರಿಯಾಗಿದ್ದ ಐದು ವರ್ಷಗಳ ಹಿಂದೆ ಅಲೆಯುವುದರಲ್ಲೇ ಕಳೆಯಿತು.

ಬೆಂಗಳೂರಿನ ಗೆಳೆಯರೊಬ್ಬರು ಅಡ್ಮಿರಲ್ ಡಾಸನ್ ಅವರ ಬಗ್ಗೆ ಬರೆಯಬಹುದಲ್ಲ ಎಂದಿದ್ದರು. ಡಾಸನ್ ಕೂಡ ನೌಕಾಪಡೆಯ ಮುಖ್ಯಸ್ಥರಾಗಿದ್ದು ಆಮೇಲೆ ನ್ಯೂಜಿಲೆಂಡಿನಲ್ಲಿ ಹೈಕಮಿಷನರ್ ಆದವರು, ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿದವರು. ಆದರೆ ಕಾರವಾರದವರಿಗೆ ಕಟಾರಿಯವರ ಕಾಲದ ನಂಟು ಬೇರೆಯದು. 1961ರ ಡಿಸೆಂಬರ್ 18ರಂದು ನಮ್ಮ ಕರಾವಳಿಗೆ ಕೂಗಳತೆಯಲ್ಲಿರುವ ಅಂಜುದೀವ್ ದ್ವೀಪದ ಮೇಲೆ ‘ತ್ರಿಶೂಲ್’ ಮತ್ತು ‘ಮೈಸೂರು’ ಯುದ್ಧನೌಕೆಗಳಿಂದ ನಾವಿಕರು ಇಳಿದು ಪೋರ್ಚುಗೀಸರೊಡನೆ ಕಾದಾಡಿದಾಗ, ಏಳು ಮಂದಿ ಪ್ರಾಣ ಕೊಟ್ಟಾಗ, ನೌಕಾಪಡೆಯ ಮುಖ್ಯಸ್ಥರಾಗಿದ್ದವರು ಕಟಾರಿಯವರೇ.

ವರ್ಷಕ್ಕೊಂದರಂತೆ ಬಿಡಿ ಹಾಳೆ ಇಟ್ಟುಕೊಂಡು, ಸಿಕ್ಕ ಸಂಗತಿಯನ್ನು ಆಯಾ ಹಾಳೆಯಲ್ಲೇ ಗುರುತು ಹಾಕುತ್ತ ಹೋಗುವುದು ನನ್ನ ಹಳೆಯ ರೂಢಿ. ಮೊದಲರ್ಧದ ಹಾಳೆಗಳು ಬೇಗ ತುಂಬಿದವು. ಅವರು 1911ರಲ್ಲಿ ಚೆಂಗಲ್ಪಟ್ಟಿನಲ್ಲಿ ಹುಟ್ಟಿದರು, 1927ರಲ್ಲಿ ಮುಂಬಯಿಯ ತರಬೇತಿ ಹಡಗು ‘ಡಫರಿನ್’ಗೆ ಸೇರಿದ ಮೊದಲ ತಂಡದಲ್ಲಿದ್ದರು, ಆಮೇಲೆ ಕಲ್ಕತ್ತೆಯಲ್ಲಿ ಹೂಗ್ಲಿ ನದಿಯ ಸಮೀಕ್ಷೆಯ ಕೆಲಸದಲ್ಲಿದ್ದು, ಎರಡನೆಯ ಮಹಾಯುದ್ಧ ಬಂದಾಗ ನೌಕಾಪಡೆಯ ಮೀಸಲು ದಳದ ಮೂಲಕ ಸೇವೆಗೆ ಬಂದರು. 1958ರ ಏಪ್ರಿಲ್ 22ರಂದು ಬ್ರಿಟಿಷ್ ಅಧಿಕಾರಿ ಕಾರ್ಲಿಲ್ ಅವರಿಂದ ಅಧಿಕಾರ ವಹಿಸಿಕೊಂಡು ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ವಿಮಾನವಾಹಕ ನೌಕೆ ‘ವಿಕ್ರಾಂತ್’ 1961ರ ಮಾರ್ಚ್‌ನಲ್ಲಿ ಸೇವೆಗೆ ಸೇರಿದ್ದು ಇವರ ಕಾಲದಲ್ಲೇ. 1962ರ ಜೂನ್‌ನಲ್ಲಿ ನಿವೃತ್ತರಾದರು.

ಇಷ್ಟರಲ್ಲಿಯೇ ಒಂದು ತಪ್ಪು ಮಾಡಿದ್ದೆ. ಕರಡಿನ ಉದ್ದಕ್ಕೂ ‘ಅಡ್ಮಿರಲ್ ಕಟಾರಿ’ ಎಂದು ಬರೆದಿದ್ದನ್ನು ಬಳಗದ ಹಿರಿಯರೊಬ್ಬರು ಓದಿ, ಕೆಂಪು ಪೆನ್ನಿನಿಂದ ಹದಿನಾಲ್ಕು ಕಡೆ ‘ವೈಸ್’ ಸೇರಿಸಿ ಹಿಂದಕ್ಕೆ ಕೊಟ್ಟರು. ನೌಕಾಪಡೆಯ ಮುಖ್ಯಸ್ಥರಿಗೆ ಪೂರ್ಣ ಅಡ್ಮಿರಲ್ ದರ್ಜೆ ದೊರೆತದ್ದು 1968ರಲ್ಲಿ, ಚಟರ್ಜಿಯವರ ಕಾಲಕ್ಕೆ. ‘ಮೇಷ್ಟ್ರೇ, ಗೌರವಕ್ಕೆ ಅಂತ ಹೆಚ್ಚಿಗೆ ಕೊಟ್ಟರೂ ಅದು ತಪ್ಪೇ’ ಎಂದರು ಅವರು.

ನಿವೃತ್ತಿಯ ನಂತರದ ಎರಡು ವರ್ಷ ಕಟಾರಿಯವರು ಆಂಧ್ರಪ್ರದೇಶ ರಾಜ್ಯ ರಸ್ತೆ ಸಾರಿಗೆ ನಿಗಮದ ಅಧ್ಯಕ್ಷರಾಗಿದ್ದರು. ಯುದ್ಧನೌಕೆಗೂ ರಾಯಭಾರ ಕಚೇರಿಗೂ ನಡುವೆ ಬಸ್ಸುಗಳು ಬಂದದ್ದು ನನಗೆ ಬಹಳ ಹಿಡಿಸಿತಾದರೂ, ಬರೆಯಲು ಒಂದು ವಾಕ್ಯಕ್ಕಿಂತ ಹೆಚ್ಚು ಸಿಗಲಿಲ್ಲ. 1964ರಿಂದ 1969ರವರೆಗಿನ ಹಾಳೆಗಳಂತೂ ಖಾಲಿಯೇ ಉಳಿದವು. ನಾನು ಮಾಡಬಾರದ್ದನ್ನು ಮಾಡಿದೆ: ‘ಬಿರುಗಾಳಿಯಲ್ಲಿ ಚುಕ್ಕಾಣಿ ಹಿಡಿದರು’, ‘ರಾಜತಂತ್ರದ ಕಡಲಿಗೆ ಇಳಿದರು’ ಎಂಬಂಥ ಮಾತುಗಳಿಂದ ಮೂರು ಪುಟ ತುಂಬಿಸಿದೆ. ಜೊತೆಯಲ್ಲಿ ಪಾಠ ಮಾಡುತ್ತಿದ್ದ ಇತಿಹಾಸದ ಅಧ್ಯಾಪಕಿಯೊಬ್ಬರು ಅದನ್ನೋದಿ, ‘ಇದರಲ್ಲಿ ಅವರು ಮಾಡಿದ್ದು ಯಾವುದು ಸರ್?’ ಎಂದು ಕೇಳಿದರು. ಉತ್ತರವಿರಲಿಲ್ಲ. ಮೂರೂ ಪುಟ ಹರಿದು ಹಾಕಿದೆ.

ಹಡಗಿನ ಕ್ಯಾಪ್ಟನ್ ಮಾಡಿದ್ದು ಗಂಟೆ ನಿಮಿಷದ ಲೆಕ್ಕದಲ್ಲಿ ಹಡಗಿನ ದಿನಚರಿ ಪುಸ್ತಕದಲ್ಲಿ ದಾಖಲಾಗುತ್ತದೆ. ರಾಯಭಾರಿ ಆಡಿದ ಮಾತಿಗೆ, ಅದಕ್ಕಿಂತ ಹೆಚ್ಚಾಗಿ ಆಡದೆ ಬಿಟ್ಟ ಮಾತಿಗೆ, ಹೊರಗಿನವರ ಕೈಗೆ ಸಿಗುವಂಥ ಲೆಕ್ಕ ಇರುವುದಿಲ್ಲ. ಹೀಗಾಗಿ ವ್ಯಕ್ತಿಯನ್ನು ಬಿಟ್ಟು ಅವರಿದ್ದ ಜಾಗವನ್ನು ಬರೆಯಬೇಕೆಂದು ನಿರ್ಧರಿಸಿದೆ. ಬರ್ಮಾದಲ್ಲಿ 1962ರಲ್ಲಿ ಸೇನೆಯ ಬಲದಿಂದ ಅಧಿಕಾರ ಹಿಡಿದಿದ್ದ ಜನರಲ್ ನೆ ವಿನ್ ಅವರ ಸರ್ಕಾರ 1964ರಲ್ಲಿ ಅಂಗಡಿಗಳನ್ನು ರಾಷ್ಟ್ರೀಕರಿಸಿತು. ಅದೇ ವರ್ಷ 50 ಮತ್ತು 100 ಚಾಟ್‌ಗಳ ನೋಟುಗಳನ್ನು ರದ್ದು ಮಾಡಿತು. ತಲೆಮಾರುಗಳಿಂದ ಅಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಭಾರತೀಯರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಊರು ಬಿಡಬೇಕಾಯಿತು. ಕಟಾರಿಯವರು ರಾಯಭಾರಿಯಾಗಿ ಹೋದದ್ದು ಆ ದೇಶದ ಆಗಿನ ರಾಜಧಾನಿ ರಂಗೂನಿಗೆ. ಇದನ್ನು ತಿಳಿಯಲು ಲೋಕಸಭೆಯ ಹಳೆಯ ಪ್ರಶ್ನೋತ್ತರಗಳನ್ನು ಓದಿದೆ. ಹಡಗು, ಸಾಮಾನು, ಒಡವೆ, ಪುನರ್ವಸತಿ ಎಂದು ಸದಸ್ಯರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಮಂತ್ರಿಗಳು ಅಳೆದು ತೂಗಿ ಉತ್ತರಿಸುತ್ತಾರೆ.

ಓದಿದ್ದು ಸಾಲದೆನಿಸಿ ಚೆನ್ನೈಗೆ ಹೋದೆ. ಹಾಗೆ ಮರಳಿ ಬಂದವರು ಕಟ್ಟಿಕೊಂಡ ಬರ್ಮಾ ಬಜಾರ್ ಬಂದರಿನ ಹತ್ತಿರವೇ ಇದೆ. ಸಂಜೆಯಾದರೆ ಅಲ್ಲಿ ತಳ್ಳುಗಾಡಿಗಳಲ್ಲಿ ‘ಅತ್ತೋ’ ಎಂಬ ಬರ್ಮೀ ನೂಡಲ್ಸ್ ಕಲಸಿ ಕೊಡುತ್ತಾರೆ. ಗಾಡಿಯೊಂದರ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ವೃದ್ಧರೊಬ್ಬರು ಹನ್ನೊಂದನೆಯ ವಯಸ್ಸಿನಲ್ಲಿ ರಂಗೂನಿನಿಂದ ಹಡಗು ಹತ್ತಿದವರು. ರಾಯಭಾರಿ ಕಟಾರಿಯವರ ನೆನಪಿದೆಯೇ ಎಂದು ಕೇಳಿದೆ. ‘ನಮಗೆ ಗೊತ್ತಿದ್ದದ್ದು ಸಾಲು ನಿಲ್ಲುವುದು. ದೊಡ್ಡವರು ಯಾರಿದ್ದರೋ ಏನೋ’ ಎಂದು ನಕ್ಕರು. ಒಡವೆ ತರಲು ಬಿಡುತ್ತಿರಲಿಲ್ಲವಾದ್ದರಿಂದ ಅವರ ತಾಯಿ ಎರಡು ಬಳೆಗಳನ್ನು ರಾಯಭಾರ ಕಚೇರಿಯಲ್ಲಿ ಒಪ್ಪಿಸಿ ಚೀಟಿ ಪಡೆದರಂತೆ. ಆ ಚೀಟಿಯನ್ನು ಹಡಗಿನಲ್ಲಿ ಅನ್ನದ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿಕೊಂಡು ಬಂದದ್ದನ್ನು ಅವರು ತಮ್ಮ ಅಂಗೈಯನ್ನೇ ಮುಚ್ಚಳ ಮಾಡಿ ತೋರಿಸಿದರು. ಬಳೆ ಮರಳಿ ಬಂತೇ ಎಂದರೆ, ಬಂತು, ಆದರೆ ಅಮ್ಮ ಇರಲಿಲ್ಲ ಎಂದರು.

ಖಾಲಿ ಹಾಳೆಗಳಲ್ಲಿ ನಾನು ಗುರುತು ಹಾಕಿಕೊಂಡ ಇನ್ನೊಂದು ಸಂಗತಿ, 1967ರ ಮಾರ್ಚ್ 10ರಂದು ರಂಗೂನಿನಲ್ಲಿ ಸಹಿಯಾದ ಭಾರತ–ಬರ್ಮಾ ಗಡಿ ಒಪ್ಪಂದ. ಒಂದೂವರೆ ಸಾವಿರ ಕಿಲೋಮೀಟರಿಗೂ ಮಿಕ್ಕ ಆ ಗಡಿಯನ್ನು ಕಾಗದದ ಮೇಲೆ ಒಪ್ಪಿಕೊಂಡರೂ, ಭಾರತ, ಬರ್ಮಾ, ಚೀನಾ ಮೂರೂ ಕೂಡುವ ಉತ್ತರದ ತುದಿಯನ್ನು ಮಾತ್ರ ತೀರ್ಮಾನಿಸದೆ ಬಿಟ್ಟರು. ಚೀನಾದೊಡನೆ ಬರ್ಮಾ 1960ರಲ್ಲೇ ಗಡಿ ಒಪ್ಪಂದ ಮಾಡಿಕೊಂಡು ಆ ತುದಿಯನ್ನು ದಿಫು ಕಣಿವೆಮಾರ್ಗದಲ್ಲಿ ಗುರುತಿಸಿತ್ತು. ಭಾರತ ಅದನ್ನು ಒಪ್ಪಿರಲಿಲ್ಲ. 1962ರ ಯುದ್ಧದ ಗಾಯವೂ ಇನ್ನೂ ಹಸಿಯಾಗಿತ್ತು. ಎಲ್ಲಿ ಗೆರೆ ಎಳೆಯಬೇಕು ಎನ್ನುವಷ್ಟೇ ಎಲ್ಲಿ ನಿಲ್ಲಿಸಬೇಕು ಎನ್ನುವುದೂ ಆ ಒಪ್ಪಂದದ ಜಾಣ್ಮೆಯೆಂದು ನನಗನ್ನಿಸುತ್ತದೆ. ಮರಳು ದಿಬ್ಬಗಳು ಜಾಗ ಬದಲಿಸುವ ಹೂಗ್ಲಿಯಲ್ಲಿ ಸಮೀಕ್ಷೆ ಮಾಡುತ್ತಿದ್ದವರು ಆಗ ರಂಗೂನಿನಲ್ಲಿ ರಾಯಭಾರಿಯಾಗಿದ್ದರು ಎಂಬುದನ್ನು ಅದರ ಪಕ್ಕದಲ್ಲೇ ಬರೆದೆ. ಆದರೆ ಒಪ್ಪಂದದಲ್ಲಿ ಅವರ ಪಾಲೆಷ್ಟು ಎಂಬುದಕ್ಕೆ ನನ್ನ ಕೈಯಲ್ಲಿ ಕಾಗದವಿಲ್ಲವಾದ್ದರಿಂದ, ಒಂದರಿಂದ ಇನ್ನೊಂದು ಬಂತೆಂದು ಬರೆಯಲಿಲ್ಲ.

ಸಂಚಿಕೆಯಲ್ಲಿ ಆರು ಪುಟ ಕೊಟ್ಟರು. ಅದರಲ್ಲಿ ಎರಡು ಬರ್ಮಾಕ್ಕೆ ಹೋದವು. ಕರಡು ನೋಡಿದ ಕಾರ್ಯದರ್ಶಿಗಳು ಬಳೆಯ ಚೀಟಿಯ ಭಾಗದ ಮೇಲೆ ಬೆರಳಿಟ್ಟು, ‘ಇಲ್ಲಿ ಕಟಾರಿ ಸಾಹೇಬರ ಹೆಸರೇ ಇಲ್ಲವಲ್ಲ’ ಎಂದರು. ಇಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತು, ಮುಂದಿನ ಪುಟ ತಿರುವಿದರು. ಅದು ಹಾಗೆಯೇ ಅಚ್ಚಾಯಿತು.