ಹ್ಯಾಂಪ್ಟನ್ ಕೋರ್ಟ್‌ನಲ್ಲಿ ಹೆನ್ರಿಯ ಕತೆ: ಒಲೆಯಿಂದ ಶುರು ಮಾಡಿದ ಮೇಲೆ

ಲಂಡನ್ ಬಳಿಯ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಆರು ಹೆಂಡತಿಯರ ಪಟ್ಟಿಯಿಂದಲೇ ಹೊರಡುತ್ತಾರೆ. ನಾನೂ ಎರಡು ಸೀಸನ್ ಹಾಗೇ ಮಾಡಿದೆ. ಮೂರನೇ ರಾಣಿಗೆ ಬರುವಷ್ಟರಲ್ಲಿ ಜನರ ಕಣ್ಣು ಫೋನಿಗೆ ಹೋಗಿರುತ್ತಿತ್ತು. ಮೂವರು ಕ್ಯಾಥರೀನ್, ಇಬ್ಬರು ಆ್ಯನ್ ಇದ್ದಾಗ ಹೆಸರು ಕಲಸಿಹೋಗದೆ ಇನ್ನೇನಾದೀತು? ಪಟ್ಟಿ ಬಿಟ್ಟು ಅಡುಗೆಮನೆಯಿಂದ ಶುರು ಮಾಡ್ತೀನಿ ಅಂದಾಗ ಜೊತೆಯ ಗೈಡುಗಳು, "ರಾಜನನ್ನು ನೋಡಲು ಬಂದವರಿಗೆ ಒಲೆ ತೋರಿಸ್ತೀರಾ?" ಅಂದರು. ಈಗ ಅವರಲ್ಲೇ ಇಬ್ಬರು ಇದೇ ದಾರಿ ಹಿಡಿದಿದ್ದಾರೆ.

ಅಡುಗೆಮನೆ, ಗ್ರೇಟ್ ಹಾಲ್, ಗ್ಯಾಲರಿ, ಕೊನೆಗೆ ಚಾಪೆಲ್, ಅಂದರೆ ಅರಮನೆಯ ಪ್ರಾರ್ಥನಾಮಂದಿರ. ಒಟ್ಟು 55 ನಿಮಿಷ. ರಾಜನ ಖಾಸಗಿ ಕೋಣೆಗಳನ್ನು ನೆಚ್ಚಿಕೊಂಡು ಕತೆ ಹೆಣೆಯಬೇಡಿ. 1689ರಿಂದ ಮೂರನೇ ವಿಲಿಯಂ ಮತ್ತು ಮೇರಿಗಾಗಿ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಹೊಸ ಕಟ್ಟಡ ಎಬ್ಬಿಸಿದಾಗ ಅವು ಹೋದವು.

ಅಡುಗೆಮನೆಯಲ್ಲಿ ಬೆಂಕಿ ಹಚ್ಚುವ ದಿನವೇ ಹೋಗಿ, ಮೊದಲೇ ವಿಚಾರಿಸಿಕೊಂಡು. ಒಲೆಯ ಕಡೆ ಮುಖ ಮಾಡಿ ಎರಡು ನಿಮಿಷ ನಿಲ್ಲಿ ಅಂತ ಎಲ್ಲರಿಗೂ ಹೇಳುತ್ತೇನೆ. ಕೆನ್ನೆ ಸುಡತೊಡಗಿದ ಮೇಲೆ, ಮಾಂಸದ ಸರಳು ತಿರುಗಿಸುವವರು ಹೊತ್ತುಗಟ್ಟಲೆ ಹೀಗೇ ಇರುತ್ತಿದ್ದರು, ದಿನಕ್ಕೆ ಎರಡು ಹೊತ್ತು 600ರಷ್ಟು ಮಂದಿಗೆ ಊಟ ಹೋಗಬೇಕಿತ್ತು ಅನ್ನುತ್ತೇನೆ. ಆಗ ಆ ಅಂಕಿ ಮೈಗೆ ತಾಗುತ್ತದೆ. ಇಲ್ಲೇ ಒಂದು ಪ್ರಯೋಗ ಮಾಡಿದೆ: ಲವಂಗ, ಜಾಪತ್ರೆ, ಕಾಳುಮೆಣಸು ಕೈಯಿಂದ ಕೈಗೆ ದಾಟಿಸುವುದು. ಮೂರೂ ಒಂದೇ ಪೊಟ್ಟಣದಲ್ಲಿದ್ದಾಗ ವಾಸನೆ ಕಲಸಿ ಕೆಟ್ಟಿತು. ಈಗ ಕಾಳುಮೆಣಸು ಮಾತ್ರ. ಮಲಬಾರಿನ ಕರಾವಳಿಯಿಂದ ಪೋರ್ಚುಗೀಸರ ಹಡಗಿನಲ್ಲಿ ಯುರೋಪಿಗೆ ಬರುತ್ತಿದ್ದ ಸರಕು ಅಂದರೆ ಕನ್ನಡದವರ ಮುಖ ಅರಳುತ್ತದೆ. ಹೆನ್ರಿ ಪಟ್ಟಕ್ಕೆ ಬಂದ 1509ರಲ್ಲೇ ವಿಜಯನಗರದಲ್ಲಿ ಕೃಷ್ಣದೇವರಾಯನೂ ಸಿಂಹಾಸನವೇರಿದ ಅನ್ನುವುದನ್ನು ಅಲ್ಲಿಯೇ ಸೇರಿಸಿ. ಕಾಲದ ಅಳತೆ ಒಂದೇ ಮಾತಿಗೆ ಸಿಗುತ್ತದೆ.

ಗ್ರೇಟ್ ಹಾಲ್‌ನಲ್ಲಿ ಉಂಡವರು ಕೆಳದರ್ಜೆಯ ಆಸ್ಥಾನದವರು. ರಾಜನ ಊಟ ಸಾಮಾನ್ಯವಾಗಿ ಒಳಕೋಣೆಯಲ್ಲಿ. ಎರಡನೇ ಹೆಂಡತಿ ಆ್ಯನ್ ಬೊಲಿನ್ ವಿಷಯ ಬರುವುದು ಇಲ್ಲಿ. ಹಾಲ್ ಕಟ್ಟಿದ್ದು 1532ರಿಂದ 1535ರವರೆಗೆ, ಅವಳ ತಲೆ ತೆಗೆದದ್ದು 1536ರ ಮೇ 19ರಂದು, ಮೂರನೆಯವಳು ಜೇನ್ ಸೀಮೋರ್ ಜೊತೆ ಮದುವೆ ಮೇ 30ಕ್ಕೆ. ಆ್ಯನ್‌ಳ ಗುರುತುಗಳನ್ನು ಅಳಿಸುವಾಗ ಮರದ ಕೆತ್ತನೆಯಲ್ಲಿ ಎಚ್ ಮತ್ತು ಎ ಹೆಣೆದ ಅಕ್ಷರಗಳು ಕೆಲವು ಕಡೆ ಹಾಗೇ ಉಳಿದವು. ಮೊದಲು ನಾನೇ ಬೆರಳು ಮಾಡಿ ತೋರಿಸುತ್ತಿದ್ದೆ, ಯಾರಿಗೂ ನಾಟಲಿಲ್ಲ. ಈಗ ಮೂರು ನಿಮಿಷ ಬಿಟ್ಟು ಅವರೇ ಹುಡುಕಲಿ ಅನ್ನುತ್ತೇನೆ. ಬೇಗ ಕಣ್ಣಿಗೆ ಬೀಳುವಂತೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ನನ್ನಲ್ಲೇ ಇರಲಿ.

ಅದಾದ ಮೇಲೆ ಎರಡು ಬಟ್ಟೆಪಟ್ಟಿ ಬಿಚ್ಚುತ್ತೇನೆ. ಒಂದು 35 ಅಂಗುಲ, ಇನ್ನೊಂದು 51. ಹೆನ್ರಿಯ ಯೌವನದ ರಕ್ಷಾಕವಚ ಮತ್ತು 1540ರ ಕವಚ, ಎರಡರ ಸೊಂಟದ ಸುತ್ತಳತೆ ಸುಮಾರಾಗಿ ಅಷ್ಟು. ದಾರ ಬಳಸಬೇಡಿ, ಸಿಕ್ಕು ಬಿಡಿಸುವುದರಲ್ಲೇ ಮಾತು ಮುರಿಯುತ್ತದೆ. ಯಾರ ಸೊಂಟಕ್ಕೂ ಸುತ್ತಲೂ ಹೋಗಬೇಡಿ, ಬೇಸರಪಟ್ಟುಕೊಳ್ಳುತ್ತಾರೆ. ನೆಲದ ಮೇಲೆ ಎರಡು ಸುತ್ತು ಮಾಡಿಟ್ಟರೆ ಸಾಕು. 1536ರ ಜನವರಿಯಲ್ಲಿ ಗ್ರೀನಿಚ್‌ನಲ್ಲಿ ಕುದುರೆಯಿಂದ ಬಿದ್ದದ್ದು, ಕಾಲಿನ ವಾಸಿಯಾಗದ ಹುಣ್ಣು, ನಿಂತುಹೋದ ಓಡಾಟ, ಎಲ್ಲವನ್ನೂ ಆ 16 ಅಂಗುಲದ ಅಂತರವೇ ಹೇಳುತ್ತದೆ.

ಚಾಪೆಲ್‌ನಲ್ಲಿ ಈಗಲೂ ಪೂಜೆ ನಡೆಯುತ್ತದೆ, ಒಳಗೆ ಪಿಸುಗುಟ್ಟುತ್ತಾ ಭಾಷಣ ಮಾಡುವುದು ಸಲ್ಲ. ಹೇಳಬೇಕಾದ್ದನ್ನು ಗ್ಯಾಲರಿಯಲ್ಲೇ ಮುಗಿಸಿ. 1537ರ ಅಕ್ಟೋಬರ್ 12ರಂದು ಈ ಅರಮನೆಯಲ್ಲಿ ಹೆನ್ರಿಯ ಮಗ ಎಡ್ವರ್ಡ್ ಹುಟ್ಟಿದ, 15ಕ್ಕೆ ಇದೇ ಚಾಪೆಲ್‌ನಲ್ಲಿ ನಾಮಕರಣ, 24ಕ್ಕೆ ತಾಯಿ ಜೇನ್ ತೀರಿಕೊಂಡಳು. ನಾಲ್ಕು ವರ್ಷದ ಮೇಲೆ, 1541ರ ನವೆಂಬರ್ 2ರಂದು, ಐದನೇ ಹೆಂಡತಿ ಕ್ಯಾಥರೀನ್ ಹಾವರ್ಡ್ ಮೇಲಿನ ಆರೋಪಗಳನ್ನು ಬರೆದ ಕಾಗದವನ್ನು ಆರ್ಚ್‌ಬಿಷಪ್ ಕ್ರಾನ್ಮರ್ ಇದೇ ಚಾಪೆಲ್‌ನಲ್ಲಿ ರಾಜನಿಗೆ ಮುಟ್ಟಿಸಿದ. ಹೀಗೆ ಹೇಳುತ್ತಾ ಮಡಿಸಿದ ಖಾಲಿ ಕಾಗದವೊಂದನ್ನು ಒಬ್ಬರ ಕೈಗಿಟ್ಟು ಬಾಯಿ ಮುಚ್ಚುತ್ತೇನೆ. ಒಳಗೆ ಹೋದ ಮೇಲೆ ಯಾರೂ ಉಸಿರೆತ್ತುವುದಿಲ್ಲ. ಕ್ಯಾಥರೀನ್ ಗ್ಯಾಲರಿಯಲ್ಲಿ ಕಿರುಚುತ್ತಾ ಓಡಿದಳು, ಅವಳ ದೆವ್ವ ಈಗಲೂ ಅಲ್ಲಿದೆ ಅನ್ನುವ ಕತೆ ಕೇಳಿಯೇ ಕೇಳುತ್ತಾರೆ. ಅದು ದಂತಕತೆ ಅಂತಲೇ ಹೇಳಿ, ದೆವ್ವದ ಆಸೆಗೆ ಸತ್ಯ ಬಿಡಬೇಡಿ.

ಇನ್ನು ದುಡ್ಡು. ಮೊದಲು 30 ಜನ, ತಲೆಗೆ 10 ಪೌಂಡ್, ಟಿಕೆಟ್ ಅವರದ್ದೇ. ಹಿಂದಿನ ಹತ್ತು ಮಂದಿಗೆ ಕೇಳಿಸದೆ ದುಡ್ಡು ವಾಪಸ್ ಕೊಟ್ಟದ್ದೂ ಉಂಟು. ಮೈಕ್ ಸೆಟ್ ಬಾಡಿಗೆ ತಂದೆ. ಕೈಗೆ ಹತ್ತಿದ್ದು ಅಷ್ಟಕ್ಕಷ್ಟೇ, ಕಿವಿಗೆ ಸಿಕ್ಕಿಸಿಕೊಂಡವರು ಒಬ್ಬರ ಮುಖ ಒಬ್ಬರು ನೋಡುವುದನ್ನೇ ಬಿಟ್ಟರು. ಈಗ 14 ಜನ, ತಲೆಗೆ 15 ಪೌಂಡ್, ದಿನಕ್ಕೆ ಎರಡು ಸುತ್ತು, ಹತ್ತಿರ ಹತ್ತಿರ 420. ಬೆಳಿಗ್ಗೆ ಶಾಲೆಯ ಮಕ್ಕಳ ಗದ್ದಲ, ಹಾಗಾಗಿ ಮೊದಲ ಸುತ್ತು ಮಧ್ಯಾಹ್ನ ಒಂದರ ಮೇಲೆ.

ಸಮಯ ಉಳಿದರೆ ಮಾತ್ರ 1540ರ ಖಗೋಳ ಗಡಿಯಾರ. ಸೂರ್ಯನೇ ಭೂಮಿಯನ್ನು ಸುತ್ತುವ ಲೆಕ್ಕ, ರಾಶಿಚಕ್ರ, ಚಂದ್ರನ ವೃದ್ಧಿಕ್ಷಯ, ಜೊತೆಗೆ ಲಂಡನ್ ಸೇತುವೆಯ ಬಳಿ ಉಬ್ಬರ ಬರುವ ಹೊತ್ತು. ದೋಣಿಯಲ್ಲಿ ಓಡಾಡುವ ಆಸ್ಥಾನಕ್ಕೆ ಅದು ಬೇಕೇ ಬೇಕಿತ್ತು. ಪಂಚಾಂಗ ಬಲ್ಲ ಹಿರಿಯರು ಇದ್ದರೆ ಅವರಿಂದಲೇ ಓದಿಸಿ. ನಾಲ್ಕು ನಿಮಿಷ ಮೀರಿಸಬೇಡಿ, ಆ ಅಂಗಳದ ಗಾಳಿಗೆ ಜನ ನಿಲ್ಲುವುದಿಲ್ಲ.