ಬೆಳ್ಳಿ ವಿನೈಲ್ ಮೇಲೆ ಕಿರೀಟದ ಚಿನ್ನ: ನನ್ನ ಅನುಭವ

ಉಡುಪಿ ಕಡೆ ನನ್ನದೊಂದು ಸ್ಟಿಕ್ಕರ್ ಅಂಗಡಿ. ಊರವರ ಬಾಯಲ್ಲಿ ಅದು 'ರೇಡಿಯಂ ಅಂಗಡಿ'. ಬೈಕಿನ ಹೆಸರು, ಬಸ್ಸಿನ ಬೋರ್ಡು, ಟೆಂಪೋದ ಹಿಂದಿನ ದೇವರ ಚಿತ್ರ, ಎಲ್ಲವೂ ಜನರಿಗೆ ರೇಡಿಯಮ್ಮೇ. ಒಂದು ವರ್ಷ ಮಳೆಗಾಲ ಮುಗಿಯುತ್ತಾ ಬಂದಾಗ ಯಕ್ಷಗಾನ ಮೇಳವೊಂದರ ಮ್ಯಾನೇಜರು ಬಂದು ಕೂತರು. ನವೆಂಬರಿನಲ್ಲಿ ತಿರುಗಾಟ, ಅಂದರೆ ಊರೂರು ಸುತ್ತಿ ಆಟ ಆಡುವುದು, ಶುರು. ಅಷ್ಟರೊಳಗೆ ಕಲಾವಿದರ ಬಸ್ಸಿನ ಎರಡೂ ಬದಿಗೆ ರಾಜವೇಷದ ದೊಡ್ಡ ಚಿತ್ರ ಆಗಬೇಕು. ಅವರ ಬೇಡಿಕೆ ಒಂದೇ: "ಕಿರೀಟ ಹಳದಿ ಬಣ್ಣದ್ದು ಬೇಡ ಮಾರಾಯ್ರೇ. ಚಿನ್ನದ ಹಾಗೆ ಹೊಳೀಬೇಕು."

ಮೆಟಾಲಿಕ್ ವಿನೈಲ್, ಅಂದರೆ ಲೋಹದ ಹಾಗೆ ಹೊಳೆಯುವ ಅಂಟು ಪ್ಲಾಸ್ಟಿಕ್ ಶೀಟಿನ ಮೇಲೆ ಪ್ರಿಂಟ್ ಮಾಡುವುದನ್ನು ನಾನು ಸರಿಯಾಗಿ ಕಲಿತದ್ದು ಆ ಬಸ್ಸಿನಲ್ಲಿ. ಅದಕ್ಕೆ ಮೊದಲು ಬ್ರಷ್ಡ್ ಸಿಲ್ವರ್ ಶೀಟು ಕತ್ತರಿಸಿ ಅಕ್ಷರ ಅಂಟಿಸಿದ್ದೆ, ಅಷ್ಟೇ.

ನನ್ನ ಮೆಷಿನ್ 54 ಇಂಚಿನ ಎಕೋ-ಸಾಲ್ವೆಂಟ್, ಅಂದರೆ ಸಾಲ್ವೆಂಟ್ (ಆರಿಹೋಗುವ ದ್ರಾವಕ) ಬೆರೆಸಿದ ಇಂಕಿನದು. ಪ್ರಿಂಟು, ಕಟಿಂಗು ಎರಡೂ ಅದರಲ್ಲೇ. ಇಂಕು ನಾಲ್ಕೇ ಬಣ್ಣ: ನೀಲಿ, ಮೆಜೆಂಟಾ, ಹಳದಿ, ಕಪ್ಪು. ಬಿಳಿ ಇಂಕಿಲ್ಲ, ಬೆಳ್ಳಿ ಇಂಕೂ ಇಲ್ಲ. ಆ ಎರಡು ಇಂಕು ಇರುವ ಮೆಷಿನ್‌ಗಳು ಮಾರ್ಕೆಟ್‌ನಲ್ಲಿ ಇವೆ. ರೋಲ್ಯಾಂಡ್ ಕಂಪನಿ 2010ರಷ್ಟು ಹಿಂದೆಯೇ ಬೆಳ್ಳಿ ಇಂಕಿನ ಮೆಷಿನ್ ತಂದಿತ್ತು. ಆದರೆ ಆ ಇಂಕುಗಳ ಕಣ ಭಾರ. ನಿಂತಲ್ಲೇ ತಳ ಹಿಡಿಯುತ್ತವೆ, ಆಗಾಗ ಅಲುಗಾಡಿಸುತ್ತಾ ಇರಬೇಕು. ದಿನಕ್ಕೆ ಒಂದೆರಡು ಕೆಲಸ ಬರುವ ಸಣ್ಣ ಅಂಗಡಿಗೆ ಅದು ಖರ್ಚಿನ ಬಾಬತ್ತು. ಇನ್ನೊಂದು ದಾರಿ ಇದೆ. ಹೊಳಪು ಇಂಕಿನಲ್ಲಿ ಬೇಡ, ಶೀಟಿನಲ್ಲೇ ಇರಲಿ. ಬೆಳ್ಳಿ ಬಣ್ಣದ ವಿನೈಲ್ ತಂದು ಅದರ ಮೇಲೆ ಮಾಮೂಲಿ ಇಂಕು ಹೊಡೆಯುವುದು.

ಇದು ಕೆಲಸ ಮಾಡುವುದಕ್ಕೆ ಕಾರಣ ಇಂಕಿನ ಗುಣ. ನಮ್ಮ ಇಂಕು ಗೋಡೆಗೆ ಬಳಿಯುವ ಪೇಂಟಿನ ಹಾಗೆ ಮುಚ್ಚಿಬಿಡುವುದಿಲ್ಲ. ಬಣ್ಣದ ಗಾಜಿನ ಹಾಗೆ ಇರುತ್ತದೆ. ಬೆಳಕು ಇಂಕನ್ನು ದಾಟಿ ಕೆಳಗಿನ ಶೀಟಿಗೆ ಬಡಿದು ವಾಪಸ್ ಬರುತ್ತದೆ. ಶೀಟು ಬಿಳಿ ಇದ್ದರೆ ಮಾಮೂಲಿ ಹಳದಿ. ಶೀಟು ಬೆಳ್ಳಿ ಇದ್ದರೆ ಅದೇ ಹಳದಿ ಚಿನ್ನ. ಯಕ್ಷಗಾನದ ಆಭರಣ ಮಾಡುವವರು ಹಗುರ ಮರದ ಮೇಲೆ ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸುತ್ತಾ ಬಂದದ್ದು ಹೊಳಪು ತಳದಿಂದ ಬರಲಿ ಅಂತಲೇ ಅಲ್ವಾ? ನಾನು ಮಾಡಬೇಕಾದದ್ದೂ ಅದೇ ಕೆಲಸ.

ಮೊದಲ ಪ್ರಯತ್ನದಲ್ಲಿ ರಾಜವೇಷದ ಫೋಟೋ ತೆಗೆದುಕೊಂಡೆ, ಬಣ್ಣ ಸ್ವಲ್ಪ ಸರಿ ಮಾಡಿದೆ, ಬೆಳ್ಳಿ ಶೀಟು ಹಾಕಿ ಒಂದು ಮೀಟರ್ ಸ್ಯಾಂಪಲ್ ಹೊಡೆದೆ. ಮೆಷಿನ್ ಪಕ್ಕ ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಬಹಳ ಚಂದ. ಕಿರೀಟ, ಭುಜಕೀರ್ತಿ (ಹೆಗಲ ಆಭರಣ), ಎದೆಪದಕ ಎಲ್ಲ ಜಗಜಗ. ಮ್ಯಾನೇಜರನ್ನು ಕರೆಸಿದೆ. ಅವರು ಶೀಟನ್ನು ಅಂಗಡಿಯ ಹೊರಗೆ ಬಿಸಿಲಿಗೆ ಹಿಡಿದು, ಸ್ವಲ್ಪ ಓರೆ ಮಾಡಿ ನೋಡಿದರು. "ಎಂತದು ಇದು? ವೇಷಕ್ಕೆ ಮುಖವೇ ಇಲ್ವಲ್ಲ!"

ಹತ್ತಿರ ಹೋಗಿ ನೋಡಿದೆ. ಹೌದು. ಮೂಗಿನ ತುದಿ, ಕೆನ್ನೆಯ ಉಬ್ಬು, ಹಣೆ, ಇಲ್ಲೆಲ್ಲ ಬೆಳಕು ಬೀಳುವ ಜಾಗದಲ್ಲಿ ಇಂಕು ಕಡಿಮೆ ಇರುತ್ತದೆ. ಅಲ್ಲಿ ಬರೀ ಬೆಳ್ಳಿ ಕಾಣುತ್ತದೆ. ನೇರ ನಿಂತು ನೋಡಿದರೆ ಆ ಬೆಳ್ಳಿ ಹೊಳೆದು ಬಿಳಿಯ ಹಾಗೆ ಕಾಣುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಅದೇ ಜಾಗ ಬೂದಿ ಬಣ್ಣ, ಸುತ್ತಲಿನ ನೆರಳಿಗಿಂತಲೂ ಕಪ್ಪು. ಹಳೇ ಫೋಟೋದ ನೆಗೆಟಿವ್ ಹಾಗೆ ಮುಖ ಉಲ್ಟಾ ಆಗಿಬಿಡುತ್ತದೆ. ಕಣ್ಣಿನ ಬಿಳಿ ಗುಡ್ಡೆಯಂತೂ ಸೀಸದ ತುಂಡಿನ ಹಾಗೆ ಇತ್ತು. ಮುಖವರ್ಣಿಕೆಗೆ ಎರಡು ಗಂಟೆ ಕೂತ ಕಲಾವಿದರ ಮುಖ ಅದು. ನನಗೇ ನೋಡಲು ಆಗಲಿಲ್ಲ.

ಆ ದಿನ ಮನಸ್ಸಿಗೆ ಬಂದ ಮಾತನ್ನು ಈಗಲೂ ಪ್ರತಿ ಡಿಸೈನಿಗೆ ಮೊದಲು ನೆನೆಯುತ್ತೇನೆ: ಯಾವುದು ಹೊಳೆಯಬೇಕು ಅನ್ನುವುದಕ್ಕಿಂತ ಮೊದಲು ಯಾವುದು ಹೊಳೆಯಬಾರದು ಅಂತ ತೀರ್ಮಾನ ಮಾಡಬೇಕು. ಮುಖ, ಕೈ, ಕಣ್ಣು, ಹಲ್ಲು, ಹೂವು, ಬಿಳಿ ಬಟ್ಟೆ ಇವಕ್ಕೆ ಬಿಳಿ ತಳವೇ ಬೇಕು. ಲೋಹ, ರೇಷ್ಮೆ, ನೀರು, ಅಕ್ಷರ, ಬಾರ್ಡರು ಇವಕ್ಕೆ ಬೆಳ್ಳಿ ಸೊಗಸು.

ಬಿಳಿ ಇಂಕಿಲ್ಲದ್ದರಿಂದ ನಾನು ಹೀಗೆ ಮಾಡಿದೆ. ಇಡೀ ಚಿತ್ರವನ್ನು ಬೆಳ್ಳಿ ಶೀಟಿನಲ್ಲಿ ಪ್ರಿಂಟ್ ಮಾಡಿದೆ. ಮುಖ, ಕೈಗಳನ್ನು ಮಾತ್ರ ಬೇರೆಯಾಗಿ, 50 ಮೈಕ್ರಾನ್‌ನ ಕಾಸ್ಟ್ ವಿನೈಲ್ ಅನ್ನುವ ತೆಳು, ಮೆತ್ತಗಿನ ಬಿಳಿ ಶೀಟಿನಲ್ಲಿ ಪ್ರಿಂಟ್ ತೆಗೆದು, ಅಂಚಿನಲ್ಲೇ ಕತ್ತರಿಸಿದೆ. ಆಮೇಲೆ ಟೇಬಲ್ ಮೇಲೆ ಅದನ್ನು ಬೆಳ್ಳಿ ಪ್ರಿಂಟಿನ ಮೇಲೆ ಕೂರಿಸಿ, ಎರಡರ ಮೇಲೂ ಸೇರಿ ಒಂದೇ ಲ್ಯಾಮಿನೇಷನ್ (ಕಾಪಾಡುವ ಪಾರದರ್ಶಕ ಹಾಳೆ) ಎಳೆದೆ. ಮೇಲಿನ ತುಂಡಿನ ಅಂಚು ಲ್ಯಾಮಿನೇಷನ್ ಒಳಗೆ ಸೇರಿಹೋಯಿತು, ಉಗುರು ಹಾಕಿದರೂ ಏಳುವುದಿಲ್ಲ. ಆದರೆ ಆ ಅಂಚಿನ ಉದ್ದಕ್ಕೂ ಕೂದಲೆಳೆಯಷ್ಟು ಗಾಳಿಯ ಗೆರೆ ಉಳಿಯುತ್ತದೆ. ಅದಕ್ಕೆ ಕಟಿಂಗ್ ಗೆರೆಯನ್ನು ಕೆನ್ನೆಯ ಚರ್ಮದಲ್ಲಿ ತರಲಿಲ್ಲ. ಕಿರೀಟದ ಕೆಳಗಿನ ಕಪ್ಪು ಪಟ್ಟಿ, ಕಿವಿಯ ಪಕ್ಕದ ನೆರಳು, ಕುತ್ತಿಗೆಯ ಹಾರದ ಅಂಚು ಹೀಗೆ ಕಪ್ಪು ಇರುವಲ್ಲೇ ತಂದೆ. ಬೇಕೆಂದೇ ಹುಡುಕಿದರೂ ಗೆರೆ ಸಿಗುವುದಿಲ್ಲ.

ಇನ್ನು ಚಿನ್ನದ ಬಣ್ಣ. ಸ್ಕ್ರೀನ್ ನೋಡಿ ಇದನ್ನು ಹೊಂದಿಸಲು ಸಾಧ್ಯವೇ ಇಲ್ಲ. ಸ್ಕ್ರೀನಿಗೆ ಬೆಳ್ಳಿ ಗೊತ್ತಿಲ್ಲ. ಪ್ರಿಂಟರಿನ ಪ್ರೊಫೈಲ್, ಅಂದರೆ ಬಣ್ಣ ಹೊಂದಿಸುವ ಲೆಕ್ಕ ಕೂಡ ಬಿಳಿ ಶೀಟಿಗೆ ಅಂತ ಮಾಡಿದ್ದು. ಹಾಗಾಗಿ ಒಂದು ಚಾರ್ಟ್ ಮಾಡಿಕೊಂಡೆ. ಅಡ್ಡಕ್ಕೆ ಹಳದಿ 10, 20, 30 ಹೀಗೆ 100ರ ತನಕ. ಉದ್ದಕ್ಕೆ ಮೆಜೆಂಟಾ ಅದೇ ಲೆಕ್ಕ. ಒಟ್ಟು ನೂರು ಚೌಕ. ಅದನ್ನೇ ಕಪ್ಪು 10 ಸೇರಿಸಿ ಇನ್ನೊಂದು ಸಲ. ಎರಡನ್ನೂ ಲ್ಯಾಮಿನೇಟ್ ಮಾಡಿ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಹೊರಗೆ ನೋಡಿದೆ. ನನ್ನ ಮೆಷಿನ್ನಿಗೆ ಹಳದಿ 70, ಮೆಜೆಂಟಾ 20 ಒಳ್ಳೇ ಚಿನ್ನ. ಕಪ್ಪು ಸ್ವಲ್ಪ ಸೇರಿದರೆ ಹಳೇ ದೇವಸ್ಥಾನದ ಆಭರಣದ ಬಣ್ಣ. ಮೆಜೆಂಟಾ 50ಕ್ಕೆ ಹೋದರೆ ತಾಮ್ರ. ನಿಮ್ಮ ಮೆಷಿನ್, ನಿಮ್ಮ ಶೀಟಿಗೆ ಲೆಕ್ಕ ಬೇರೆ ಬರುತ್ತದೆ, ಚಾರ್ಟ್ ನೀವೇ ಹೊಡೆಯಬೇಕು. ಆ ಚಾರ್ಟ್ ಈಗಲೂ ಅಂಗಡಿಯ ಬಾಗಿಲಿನ ಪಕ್ಕ ನೇತಾಡುತ್ತಿದೆ. ಗಿರಾಕಿಗೆ ಮೊಬೈಲ್ ತೋರಿಸುವುದಿಲ್ಲ, ಅದನ್ನೇ ತೋರಿಸುತ್ತೇನೆ.

ಒಂದು ವಿಷಯ ಚಾರ್ಟಿನಲ್ಲೇ ಗೊತ್ತಾಯಿತು. ಇಂಕು ಜಾಸ್ತಿ ಆದಷ್ಟೂ ಹೊಳಪು ಸಾಯುತ್ತದೆ. ನಾಲ್ಕು ಬಣ್ಣದ ಅಂಶ ಕೂಡಿಸಿದರೆ 200 ದಾಟದ ಹಾಗೆ ನೋಡಿಕೊಳ್ಳುತ್ತೇನೆ. ಅದರ ಮೇಲೆ ಹೋದರೆ ದುಬಾರಿ ಮೆಟಾಲಿಕ್ ಶೀಟು ಹಾಕಿದ್ದಕ್ಕೆ ಅರ್ಥವಿಲ್ಲ, ಬಿಳಿ ಶೀಟೇ ಸಾಕಿತ್ತು. ಕಡು ನೀಲಿ, ಕಡು ಹಸಿರು ಕೇಳುವವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಪ್ಪನ್ನು ಮಾತ್ರ ಧಾರಾಳವಾಗಿ ಬಳಸುತ್ತೇನೆ. ಹೊಳಪಿನ ಪಕ್ಕ ಸತ್ತ ಕಪ್ಪು ಇದ್ದರೇನೇ ಚಿನ್ನ ಎದ್ದು ಕಾಣುವುದು.

ಪ್ರಿಂಟ್ ಆದ ಮೇಲೆ ಒಣಗಲು ಬಿಡುವುದರಲ್ಲಿ ಅವಸರ ಬೇಡ. ಕೈಗೆ ಅಂಟದಿದ್ದರೂ ಒಳಗೆ ಸಾಲ್ವೆಂಟ್ ಇರುತ್ತದೆ. ಅದು ಹೊರಗೆ ಹೋಗದೆ ಲ್ಯಾಮಿನೇಟ್ ಮಾಡಿದರೆ ಗಮ್ಮಿಗೆ ಇಳಿದು ಅಂಚು ಸುರುಳಿ ಸುತ್ತುತ್ತದೆ. ಎಲ್ಲರೂ 24 ಗಂಟೆ ಹೇಳುತ್ತಾರೆ. ನಮ್ಮ ಕರಾವಳಿಯ ತೇವಕ್ಕೆ ನಾನು 48 ಗಂಟೆ ಬಿಡುತ್ತೇನೆ. ಅದೂ ಬಿಗಿಯಾಗಿ ಸುತ್ತಿಟ್ಟಲ್ಲ, ಸಡಿಲ ಸುರುಳಿ ಮಾಡಿ ನಿಲ್ಲಿಸಿ, ಫ್ಯಾನ್ ಹಾಕಿ. ಲ್ಯಾಮಿನೇಷನ್ ಗ್ಲಾಸಿಯೇ ಆಗಬೇಕು. ಮ್ಯಾಟ್ ಹಾಕಿದರೆ ಹೊಳಪಿನ ಮೇಲೆ ಮಂಜು ಕವಿದ ಹಾಗೆ.

ಮೇಳದ ಹೆಸರಿನ ಅಕ್ಷರಗಳನ್ನು ಬೇರೆಯಾಗಿ ಕತ್ತರಿಸಿ ಅಂಟಿಸಿದೆ. ಕನ್ನಡ ಅಕ್ಷರ ಕತ್ತರಿಸುವವರಿಗೆ ಒಂದು ಮಾತು. ಕೋರೆಲ್‌ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲಿ ನಾವು ಬಳಸುವ ಹಳೇ ಫಾಂಟ್‌ಗಳಲ್ಲಿ ಒಂದು ಅಕ್ಷರ ಎರಡು ಮೂರು ತುಂಡು ಸೇರಿ ಆಗಿರುತ್ತದೆ. ತಲೆಕಟ್ಟು ಒಂದು, ಕೊಂಬು ಒಂದು, ಒತ್ತು ಇನ್ನೊಂದು. ಅಕ್ಷರವನ್ನು ಬರೀ ಗೆರೆಯಾಗಿಸಿ (ಕರ್ವ್), ತುಂಡುಗಳನ್ನು ಒಂದಾಗಿ ಬೆಸೆಯದೆ (ವೆಲ್ಡ್) ಬಿಟ್ಟರೆ ಬ್ಲೇಡು ಅಕ್ಷರದ ಹೊಟ್ಟೆಯೊಳಗೇ ಗೆರೆ ಎಳೆದುಬಿಡುತ್ತದೆ. ಬಿಳಿ ವಿನೈಲ್‌ನಲ್ಲಿ ಅದು ಕಾಣದೇ ಹೋಗಬಹುದು. ಬೆಳ್ಳಿಯಲ್ಲಿ ಬಿಸಿಲು ಬಿದ್ದ ಕೂಡಲೇ ಗೀರು ಮಿಂಚುತ್ತದೆ. ಇನ್ನೊಂದು, 'ಶ್ರೀ'ಯ ರಕಾರದ ಒತ್ತಿನ ಬಾಲದ ಹಾಗೆ ಚೂಪಾದ ತುದಿಗಳು. ವೀಡಿಂಗ್ ಮಾಡುವಾಗ, ಅಂದರೆ ಅಕ್ಷರದ ಸುತ್ತಲಿನದನ್ನು ಕಿತ್ತು ತೆಗೆಯುವಾಗ, ಬೇಡದ ಶೀಟಿನ ಜೊತೆಗೇ ಎದ್ದು ಬರುತ್ತವೆ. ಅಂಟಿಸಿದ ಮೇಲೂ ಬಸ್ ತೊಳೆಯುವ ನೀರಿನ ರಭಸಕ್ಕೆ ಮೊದಲು ಏಳುವುದು ಅವೇ. ಈಗ ಪ್ರತಿ ಚೂಪು ತುದಿಯನ್ನೂ ಒಂದು ಮಿಲಿಮೀಟರ್ ದುಂಡಗೆ ಮಾಡುತ್ತೇನೆ. ಅಕ್ಷರದ ಅಂದ ಒಂದಿಷ್ಟೂ ಕೆಡುವುದಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಅಂಟಿಸಿದ ಮೇಲೆ. ದೊಡ್ಡ ಚಿತ್ರವನ್ನು ಪ್ಯಾನೆಲ್‌ಗಳಾಗಿ, ಅಂದರೆ ತುಂಡು ತುಂಡಾಗಿ ಪ್ರಿಂಟ್ ಮಾಡಿ ಅಂಟಿಸುವುದು. ಬಸ್ಸಿನ ಒಂದು ಬದಿಗೆ ಪ್ಯಾನೆಲ್‌ಗಳೆಲ್ಲ ಉದ್ದಕ್ಕೆ ನಿಂತಿದ್ದವು. ಒಂದು ಸಣ್ಣ ಪ್ಯಾನೆಲ್ಲನ್ನು ಮಾತ್ರ ಶೀಟು ಉಳಿಯಲಿ ಅಂತ ಸಾಫ್ಟ್‌ವೇರ್ ತಾನೇ ಅಡ್ಡ ತಿರುಗಿಸಿ ಹೊಂದಿಸಿತ್ತು. ನಾನು ಗಮನಿಸಲಿಲ್ಲ. ಶೆಡ್ಡಿನೊಳಗೆ ಎಲ್ಲ ಒಂದೇ ಬಣ್ಣ. ಬಸ್ಸನ್ನು ಹೊರಗೆ ತಂದಾಗ ಆ ಪ್ಯಾನೆಲ್ ಬೇರೆ ಶೀಟೋ ಅನ್ನುವಷ್ಟು ಕಪ್ಪಾಗಿ ಕಂಡಿತು. ಮೆಟಾಲಿಕ್ ಶೀಟಿನ ಹೊಳಪಿಗೆ ಮರದ ಹಾಗೆ ಒಂದು ನಾರು ಇರುತ್ತದೆ, ರೋಲಿನ ಉದ್ದಕ್ಕೆ. ಅಡ್ಡ ತಿರುಗಿಸಿದರೆ ಬೆಳಕು ಬೇರೆ ಕಡೆಗೆ ಹೋಗುತ್ತದೆ. ತಲೆಕೆಳಗು ಮಾಡಿದರೂ ವ್ಯತ್ಯಾಸ ಬರಬಹುದು. ಆ ಪ್ಯಾನೆಲ್ ಕಿತ್ತು, ಗಮ್ಮು ಒರೆಸಿ, ಹೊಸದು ಹೊಡೆದೆ. ಎರಡು ದಿನ, ಮೂರು ಮೀಟರ್ ಶೀಟು ಹೋಯಿತು. ಆಮೇಲಿಂದ ಮೆಟಾಲಿಕ್ ಕೆಲಸಕ್ಕೆ ಆಟೋ ರೊಟೇಟ್ ಬಂದ್. ಪ್ರತಿ ಪ್ಯಾನೆಲ್ಲಿನ ಹೊರ ಅಂಚಿನಲ್ಲಿ ಮೇಲ್ಮುಖ ಬಾಣದ ಗುರುತು ಪ್ರಿಂಟ್ ಮಾಡುತ್ತೇನೆ. ಇಡೀ ವಾಹನಕ್ಕೆ ಒಂದೇ ಬ್ಯಾಚಿನ ರೋಲು ತರಿಸುತ್ತೇನೆ.

ಅಂಟಿಸುವಾಗ ಬಸ್ಸಿನ ಹಿಂದಿನಿಂದ ಶುರು ಮಾಡಿ ಮುಂದಕ್ಕೆ ಬರುತ್ತೇನೆ. ಆಗ ಮುಂದಿನ ಪ್ಯಾನೆಲ್ ಹಿಂದಿನದರ ಮೇಲೆ ಕೂರುತ್ತದೆ, ಅಂಚು ಗಾಳಿಗೆ ಎದುರಾಗುವುದಿಲ್ಲ. ಹಂಚು ಹೊದೆಸಿದ ಹಾಗೆ. ಬಸ್ಸಿನ ತಗಡು ಜೋಡಿಸುವ ರಿವಿಟ್ ಮೊಳೆ ಇರುವಲ್ಲಿ ಶೀಟು ಡೇರೆಯ ಹಾಗೆ ನಿಲ್ಲುತ್ತದೆ. ಸೂಜಿಯಲ್ಲಿ ಗಾಳಿ ಬಿಟ್ಟು, ಹೀಟ್ ಗನ್ ತೋರಿಸಿ, ರಿವಿಟ್ ಬ್ರಷ್ಷಿನಲ್ಲಿ ಸುತ್ತಿ ಸುತ್ತಿ ಕೂರಿಸಬೇಕು. ಶೀಟು ಒತ್ತಿ ಕೂರಿಸುವ ಸ್ಕ್ವೀಜಿ ಪಟ್ಟಿಗೆ ಫೆಲ್ಟ್ ಬಟ್ಟೆ ಕಡ್ಡಾಯ, ಬರೀ ಪ್ಲಾಸ್ಟಿಕ್ ಎಳೆದರೆ ಗೀರು ಉಳಿದುಬಿಡುತ್ತದೆ. ಎಳೆದು ಹಿಗ್ಗಿಸಬಾರದು. ಹಿಗ್ಗಿದ ಕಡೆ ಬೆಳ್ಳಿ ಮಂಕಾಗುತ್ತದೆ, ಮತ್ತೆ ಬಿಸಿ ಮಾಡಿದರೂ ವಾಪಸ್ ಬರುವುದಿಲ್ಲ.

ಕನ್ನಡಿಯ ಹಾಗಿರುವ ಕ್ರೋಮ್ ಶೀಟು ಹಾಕಿ ಅಂತ ಕೇಳುವವರಿದ್ದಾರೆ. ವಾಹನಕ್ಕೆ ನಾನು ಹಾಕುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಜೊತೆಗೆ ಸಮುದ್ರದ ಉಪ್ಪುಗಾಳಿ. ಕತ್ತರಿಸಿದ ಅಂಚಿನಿಂದ ತೇವ ಒಳಗೆ ಹೋಗಿ ಅದರ ಅಲ್ಯೂಮಿನಿಯಂ ಪದರ ತಿನ್ನುತ್ತದೆ. ಅಂಚು ಕಪ್ಪಾಗುತ್ತಾ ಒಳಗೆ ಬರುತ್ತದೆ. ಅಂಗಡಿಯ ಒಳಗಿನ ಬೋರ್ಡಿಗೆ ಆದರೆ ಧಾರಾಳವಾಗಿ ಹಾಕಬಹುದು.

ಬೋರ್ಡು ಅಂದಾಗ ನೆನಪಾಯಿತು. 2024ರಲ್ಲಿ ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಲೇಬೇಕು ಅಂತ ಆದಾಗ ಬೋರ್ಡಿನ ಕೆಲಸ ಬಹಳ ಬಂತು. ನನಗೆ ಅದು ಖುಷಿಯ ಕೆಲಸ. ದೊಡ್ಡ ಕನ್ನಡ ಅಕ್ಷರಕ್ಕೆ ಚಿನ್ನದ ಬಣ್ಣ ಕೊಡುವ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ? ಆದರೆ ಒಳಗೆ ಲೈಟ್ ಇರುವ ಗ್ಲೋ ಸೈನ್ ಬೋರ್ಡಿಗೆ ಮೆಟಾಲಿಕ್ ಹಾಕಬೇಡಿ. ಬೆಳಕು ಅದನ್ನು ದಾಟುವುದಿಲ್ಲ. ಹಗಲು ಚಿನ್ನ, ರಾತ್ರಿ ಕರೀ ಅಕ್ಷರ.

ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ: "ರಾತ್ರಿ ಲೈಟ್ ಬಿದ್ದರೆ ಹೊಳೆಯುತ್ತಾ?" ರೇಡಿಯಂ ಅನ್ನುವ ಹೆಸರಿನಿಂದಲೇ ಈ ಗೊಂದಲ. ರಿಫ್ಲೆಕ್ಟಿವ್ ಶೀಟಿನಲ್ಲಿ ಸಣ್ಣ ಗಾಜಿನ ಮಣಿ ಅಥವಾ ಪ್ರಿಸಂ ಇರುತ್ತದೆ. ಹೆಡ್‌ಲೈಟಿನ ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಕಳಿಸುತ್ತದೆ. ಮೆಟಾಲಿಕ್ ಶೀಟು ಬೆಳಕನ್ನು ಕನ್ನಡಿಯ ಹಾಗೆ ಬೇರೆ ಕಡೆಗೆ ತಳ್ಳುತ್ತದೆ. ಹಿಂದಿನ ಗಾಡಿಯವನಿಗೆ ಏನೂ ಕಾಣುವುದಿಲ್ಲ. ಹಾಗಾಗಿ ಬಸ್ಸಿಗೆ ಹಾಕಲೇಬೇಕಾದ ಮುಂದಿನ ಬಿಳಿ, ಹಿಂದಿನ ಕೆಂಪು, ಬದಿಯ ಹಳದಿ ರಿಫ್ಲೆಕ್ಟಿವ್ ಪಟ್ಟಿಯ ಮೇಲೆ ನಾನು ಏನನ್ನೂ ಅಂಟಿಸುವುದಿಲ್ಲ. ಡಿಸೈನ್ ಮಾಡುವಾಗಲೇ ಆ ಜಾಗ ಬಿಟ್ಟಿರುತ್ತೇನೆ. ರಾತ್ರಿ ಇಡೀ ಓಡಾಡುವ ಮೇಳದ ಬಸ್ಸಿಗೆ ಆ ಪಟ್ಟಿ ಜೀವದ ಪ್ರಶ್ನೆ.

ತಿರುಗಾಟದ ಮೊದಲ ದಿನ ಬಸ್ಸು ಹೊರಟಾಗ ಸಂಜೆ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಬಸ್ಸು ತಿರುವಿನಲ್ಲಿ ತಿರುಗಿದ ಹಾಗೆ ಹೊಳಪು ಭುಜಕೀರ್ತಿಯಿಂದ ಎದೆಪದಕಕ್ಕೆ, ಅಲ್ಲಿಂದ ಕಿರೀಟಕ್ಕೆ ಹರಿದುಹೋಯಿತು. ಮುಖ ಮಾತ್ರ ಹಾಗೇ ಸ್ಥಿರವಾಗಿ ನಮ್ಮನ್ನೇ ನೋಡುತ್ತಿತ್ತು.

ಮೇ ಕೊನೆಯ ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಬಸ್ಸನ್ನು ಮತ್ತೆ ತರಿಸಿ ಇಂಚು ಇಂಚು ನೋಡಿದೆ. ಬಣ್ಣ ಹಾಗೇ ಇತ್ತು. ಮುಖದ ತುಂಡು ಒಂದು ಕೂದಲಷ್ಟೂ ಅಲುಗಿರಲಿಲ್ಲ. ಹಿಂದಿನ ಚಕ್ರದ ಮೇಲೆ, ಕೆಸರು ಸಿಡಿಯುವಲ್ಲಿ ಮಾತ್ರ ಎರಡು ಬೆರಳಗಲ ಶೀಟು ಎದ್ದಿತ್ತು. ಅಷ್ಟನ್ನು ಕತ್ತರಿಸಿ, ಅಂಚಿಗೆ ಸೀಲರ್ ಹಚ್ಚಿ ಮಳೆಗಾಲಕ್ಕೆ ಬಿಟ್ಟೆ. ಈಗ ಚಕ್ರದ ಕಮಾನಿನಿಂದ ಒಂದು ಇಂಚು ಮೇಲೆಯೇ ಶೀಟು ನಿಲ್ಲಿಸುತ್ತೇನೆ.