‘ಇಲ್ಲ’ ಅಂದರೆ ಯಾವ ಇಲ್ಲ?

ಪುಣೆ ಹತ್ತಿರದ ಭೋಸರಿಯ ಗೋಡೌನಿನಲ್ಲಿ ಎರಡನೇ ಸಾಲಿನ ಕೆಳಗಿನ ರ‍್ಯಾಕಿನಲ್ಲಿ 40 ಕ್ಲಚ್ ಪ್ಲೇಟುಗಳಿದ್ದವು. ಪೆಟ್ಟಿಗೆ ಮೇಲೆ ಧೂಳು ಕೂತಿತ್ತು, ನಂಬರು ಮಾತ್ರ ಚೆನ್ನಾಗಿ ಕಾಣುತ್ತಿತ್ತು: ಸಿಪಿ-2140. ಅದೇ ದಿನ ಬೆಳಿಗ್ಗೆ ಸಾಂಗಲಿಯ ಡೀಲರೊಬ್ಬರಿಗೆ ಡೀಲರುಗಳ ಮೆಸೇಜಿಗೆ ಉತ್ತರ ಕೊಡುವ ನಮ್ಮ ಎಐ ಏಜೆಂಟ್ "ಈ ಪಾರ್ಟ್ ಸ್ಟಾಕ್ ಇಲ್ಲ" ಅಂತ ಹೇಳಿ ಕಳಿಸಿತ್ತು. ಅವರು ಬೇರೆ ಕಡೆ ಕೊಂಡರು.

ಮಾಡೆಲ್, ಅಂದರೆ ಏಜೆಂಟಿನ ಒಳಗೆ ಓದಿ ಉತ್ತರ ಬರೆಯುವ ಎಐ, ಸುಳ್ಳು ಹೇಳಿತು ಅಂತ ಆಫೀಸಿನಲ್ಲಿ ಎಲ್ಲರೂ ಅಂದರು. ನಾನೂ ಮೊದಲು ಹಾಗೇ ಅಂದುಕೊಂಡೆ. ಏಜೆಂಟ್ ಏನೇನು ಮಾಡಿತು ಅನ್ನುವ ದಾಖಲೆ, ಅಂದರೆ ಲಾಗ್, ತೆರೆದು ನೋಡಿದಾಗ ಕಥೆ ಬೇರೆಯೇ ಇತ್ತು. ಡೀಲರ್ ಅಡ್ಡಗೆರೆ ಬಿಟ್ಟು ಸಿಪಿ2140 ಅಂತ ಟೈಪ್ ಮಾಡಿದ್ದರು. ಏಜೆಂಟ್ ಅದನ್ನೇ ಸ್ಟಾಕ್ ನೋಡುವ ಟೂಲಿಗೆ ಕೊಟ್ಟಿತ್ತು. ಟೂಲ್ ಖಾಲಿ ಪಟ್ಟಿ ವಾಪಸ್ ಕೊಟ್ಟಿತ್ತು. ಎರಡು ಚೌಕ ಕಂಸ, ನಡುವೆ ಏನೂ ಇಲ್ಲ. ಅದನ್ನು ನೋಡಿದವರು ಯಾರೇ ಆದರೂ "ಇಲ್ಲ" ಅಂತಲೇ ಓದುತ್ತಾರೆ, ಅಲ್ವಾ?

ನಾನು ಧಾರವಾಡದವಳು. ಪುಣೆಗೆ ಬಂದು ಹನ್ನೊಂದು ವರ್ಷ ಆಯಿತು, ಅಷ್ಟೂ ವರ್ಷ ಟೆಸ್ಟಿಂಗ್ ಕೆಲಸವೇ. ಮೊದಲೆಲ್ಲ ಮನುಷ್ಯರು ಬಳಸುವ ಪರದೆಗಳನ್ನು ಪರೀಕ್ಷೆ ಮಾಡುತ್ತಿದ್ದೆ. ಈಗ ಏಜೆಂಟ್ ಬಳಸುವ ಟೂಲುಗಳನ್ನು ನೋಡುತ್ತೇನೆ. ಗಾಡಿಗಳ ಬಿಡಿಭಾಗ ಮಾರುವ ಒಂದು ಕಂಪನಿಗಾಗಿ ನಮ್ಮ ತಂಡ ಹದಿನಾಲ್ಕು ಟೂಲು ಬರೆದಿದೆ. ಸ್ಟಾಕ್ ನೋಡುವುದು, ಆರ್ಡರ್ ಹಾಕುವುದು, ವಾಪಸ್ ತೆಗೆದುಕೊಳ್ಳುವುದು, ಬಾಕಿ ನೋಡುವುದು, ಹೀಗೆ.

ಟೂಲ್ ಅಂದರೆ ಏಜೆಂಟ್ ಕರೆಯಬಹುದಾದ ಒಂದು ಚಿಕ್ಕ ಪ್ರೋಗ್ರಾಮ್, ಅಷ್ಟೇ. ಅವುಗಳನ್ನು ಜೋಡಿಸಲು ನಾವು ಎಂಸಿಪಿ ಬಳಸುತ್ತೇವೆ. ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಅಂತ ಅದರ ಪೂರ್ತಿ ಹೆಸರು, 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಹೊರಗೆ ತಂದಿದ್ದು. ಅದರಲ್ಲಿ ಪ್ರತಿ ಟೂಲೂ ತನ್ನ ಹೆಸರು, ತಾನೇನು ಮಾಡುತ್ತೇನೆ ಅನ್ನುವ ವಿವರಣೆ, ತನಗೆ ಏನೇನು ಕೊಡಬೇಕು ಅನ್ನುವ ಸ್ಕೀಮಾ ಮುಂದಿಡುತ್ತದೆ. ಒಳಗಿನ ಕೋಡ್ ಮಾಡೆಲಿಗೆ ಕಾಣುವುದಿಲ್ಲ. ಆ ನಾಲ್ಕು ಸಾಲು ಓದಿ ಅದು ಟೂಲನ್ನು ಕರೆಯುತ್ತದೆ. ಬಂದ ಉತ್ತರ ಓದಿ ಮುಂದಿನ ಹೆಜ್ಜೆ ಇಡುತ್ತದೆ.

ನಮ್ಮ ಸ್ಟಾಕ್ ಟೂಲಿನ ಯೂನಿಟ್ ಟೆಸ್ಟ್, ಅಂದರೆ ಕೋಡಿನ ಒಂದೊಂದು ತುಣುಕನ್ನು ಬೇರೆಯಾಗಿ ನೋಡುವ ಪರೀಕ್ಷೆ, ಒಂದೂ ಫೇಲ್ ಆಗಿರಲಿಲ್ಲ. ಗೊತ್ತಿಲ್ಲದ ನಂಬರು ಕೊಟ್ಟರೆ ಖಾಲಿ ಪಟ್ಟಿ ಬರಬೇಕು ಅಂತ ಅದರಲ್ಲಿ ಒಂದು ಟೆಸ್ಟ್ ಇತ್ತು. ಅದನ್ನು ಬರೆದವಳು ನಾನೇ. ಪ್ರೋಗ್ರಾಮ್ ಸರಿಯಾಗಿಯೇ ಇತ್ತು. ಅದನ್ನು ಓದುವವರಿಗೆ ಅದು ಸರಿಯಾಗಿರಲಿಲ್ಲ. ಈ ವ್ಯತ್ಯಾಸವನ್ನು ಅಳೆಯುವುದು ಹೇಗೆ ಅಂತ ಆವತ್ತಿನಿಂದ ತಲೆಯಲ್ಲಿ ಕೂತುಬಿಟ್ಟಿತು.

ಲಾಗಿನ ಪ್ರಿಂಟ್ ತೆಗೆದುಕೊಂಡು ಗೋಡೌನಿಗೆ ಹೋದೆ. ಅಲ್ಲಿ ಸ್ಟೋರ್ ನೋಡಿಕೊಳ್ಳುವ ಕಾಕಾ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಭೋಸರಿಗೆ ಬಂದು ಇಪ್ಪತ್ತಾರು ವರ್ಷ. ಇವತ್ತಿಗೂ ಹಳೇ ಡೀಲರುಗಳು ಕಂಪ್ಯೂಟರ್ ಬಿಟ್ಟು ಅವರಿಗೇ ಫೋನ್ ಮಾಡುತ್ತಾರೆ. ನಾನು ಲಾಗ್ ಓದಿ ಹೇಳಿದೆ. ಕಾಕಾ ಚಹಾ ಕಪ್ ಕೆಳಗಿಟ್ಟರು.

"ಇಲ್ಲ ಅಂದ್ರ ಯಾವ ಇಲ್ಲ, ತಂಗೀ? ಮಾಲು ಇಲ್ಲೋ, ಇಲ್ಲಾ ಆ ನಂಬರ ಅಲ್ಲೋ?"

ನಾನು ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತೆ. ಮುಕ್ಕಾಲು ಗಂಟೆ ಅವರು ಫೋನಿನಲ್ಲಿ ಮಾತಾಡುವುದನ್ನು ಕೇಳಿದೆ, ಬರೆದುಕೊಂಡೆ. ಒಬ್ಬರಿಗೆ "ಮಾಲು ತೀರೈತ್ರಿ, ಸೋಮವಾರ ಬರ್ತೈತಿ" ಅಂದರು. ಇನ್ನೊಬ್ಬರಿಗೆ "ಆ ನಂಬರ ಅಲ್ರೀ, ಅದು ಹಳೇ ಗಾಡೀದು. ನಿಮ್ಮ ಗಾಡಿ ಯಾವ ವರ್ಷದ್ದು ಹೇಳ್ರಿ". ಮೂರನೆಯವರಿಗೆ "ನಿಮ್ಮ ಬಿಲ್ ಬಾಕಿ ಐತಿ, ಸಾಹೇಬ್ರನ್ನ ಕೇಳ್ದ ಕೊಡಾಕ ಬರಂಗಿಲ್ಲ". ನಡುವೆ ಕರೆಂಟ್ ಹೋಯಿತು. ಆಗ ಬಂದ ಫೋನಿಗೆ "ಈಗ ನೋಡಾಕ ಆಗವಲ್ದು, ಹತ್ತು ಮಿನಿಟ್ ಬಿಟ್ಟು ಮಾಡ್ರಿ" ಅಂದರು.

ನಾಲ್ವರಿಗೂ ಮಾಲು ಸಿಗಲಿಲ್ಲ. ಆದರೆ ಮುಂದೇನು ಮಾಡಬೇಕು ಅಂತ ನಾಲ್ವರಿಗೂ ತಿಳಿಯಿತು. ಒಬ್ಬರು ಸೋಮವಾರ ಕಾಯಬೇಕು, ಒಬ್ಬರು ನಂಬರು ಸರಿ ಮಾಡಬೇಕು, ಒಬ್ಬರು ದುಡ್ಡು ಕಟ್ಟಬೇಕು, ಒಬ್ಬರು ಸುಮ್ನೆ ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಬೇಕು.

ಇಲ್ಲ, ಅಲ್ಲ, ಕೂಡದು, ಆಗ್ತಿಲ್ಲ. ನಮ್ಮ ಭಾಷೆಯಲ್ಲಿ ಇವು ನಾಲ್ಕು ಬೇರೆ ಬೇರೆ ಮಾತು. ಸಾಮಾನ್ಯವಾಗಿ ನಾವು ಒಂದರ ಬದಲು ಇನ್ನೊಂದನ್ನು ಹೇಳುವುದಿಲ್ಲ. ವೆಬ್ಬಿನಲ್ಲೂ ಇವುಗಳಿಗೆ ಹತ್ತಿರದ ಗುರುತುಗಳಿವೆ: ಸಿಗಲಿಲ್ಲ ಅಂದರೆ 404, ಅನುಮತಿ ಇಲ್ಲ ಅಂದರೆ 403, ಸದ್ಯಕ್ಕೆ ಆಗ್ತಿಲ್ಲ ಅಂದರೆ 503. ನಮ್ಮ ಸರ್ವರ್ ಕೂಡ ಇವನ್ನು ಸರಿಯಾಗಿಯೇ ಕೊಡುತ್ತಿತ್ತು. ನಡುವೆ ಕೂತ ಟೂಲ್ ಎಲ್ಲವನ್ನೂ ನುಂಗಿ ಖಾಲಿ ಪಟ್ಟಿ ಮಾಡುತ್ತಿತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಇಷ್ಟು: ಆ ಕೋಡ್ ಮೊದಲು ಡೀಲರ್ ಪರದೆಗಾಗಿ ಬರೆದದ್ದು. ಪರದೆಯಲ್ಲಿ ಕೆಂಪು ಅಕ್ಷರ ಬರಬಾರದು ಅಂತ ತಪ್ಪುಗಳನ್ನೆಲ್ಲ ಮುಚ್ಚಿದ್ದರು. ಮನುಷ್ಯರು ಖಾಲಿ ಪರದೆ ಕಂಡರೆ ತಾವು ಟೈಪ್ ಮಾಡಿದ್ದನ್ನು ಒಂದು ಸಲ ತಿರುಗಿ ನೋಡುತ್ತಾರೆ. ಏಜೆಂಟ್ ಹಾಗೆ ನೋಡಲಿಲ್ಲ.

ಎಂಸಿಪಿಯಲ್ಲಿ ಇದಕ್ಕೆ ಜಾಗ ಮಾಡಿಟ್ಟಿದ್ದಾರೆ. ಟೂಲ್ ಕೆಲಸ ಮಾಡುವಾಗ ತಪ್ಪಾದರೆ, ಉತ್ತರದಲ್ಲೇ ‘ಈಸ್ ಎರರ್’ ಅನ್ನುವ ಗುರುತು ಹಾಕಿ ಏನಾಯಿತು ಅಂತ ಬರೆದು ಕಳಿಸಬಹುದು. ಮಾಡೆಲ್ ಅದನ್ನು ಓದಿ ತಾನೇ ತಿದ್ದಿಕೊಳ್ಳಲಿ ಅಂತಲೇ ಅದು ಇರುವುದು. ನಾವು ಅದನ್ನು ಬಳಸಿರಲೇ ಇಲ್ಲ.

ಅಡ್ಡಗೆರೆಯ ವಿಷಯವನ್ನು ಟೂಲ್ ಒಳಗೇ ಸರಿ ಮಾಡಿದೆವು. ಎಲ್ಲವನ್ನೂ ಹೀಗೆ ಒಳಗೇ ಸರಿ ಮಾಡಿದರಾಯಿತು ಅಂತ ತಂಡದಲ್ಲಿ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. 2140 ಒಂದು ಗಾಡಿಯದು, 2140ಎ ಇನ್ನೊಂದು ಗಾಡಿಯದು. ಅಲ್ಲಿ ಟೂಲ್ ಊಹೆ ಮಾಡಿದರೆ ತಪ್ಪು ಪ್ಲೇಟ್ ಸಾಂಗಲಿಗೆ ಹೋಗುತ್ತದೆ. ಯಾರಾದರೂ ಒಂದು ಅಂಕಿ ಬಿಟ್ಟು ಸಿಪಿ-214 ಅಂತ ಕೇಳಿದರೆ, ಕೊನೆಗೆ ಬರೆದ ಉತ್ತರ ಹೀಗಿದೆ: "ಸಿಪಿ-214 ಅನ್ನುವ ನಂಬರು ಕ್ಯಾಟಲಾಗಿನಲ್ಲಿಲ್ಲ. ಸ್ಟಾಕ್ ಮುಗಿದಿದೆ ಅಂತ ಇದರ ಅರ್ಥವಲ್ಲ. ಹತ್ತಿರದ ನಂಬರುಗಳು: ಸಿಪಿ-2140, ಸಿಪಿ-2140ಎ. ಯಾವ ಗಾಡಿ ಅಂತ ಡೀಲರನ್ನು ಕೇಳಿ ಮತ್ತೆ ಹುಡುಕಿ." ಈ ಒಂದು ಉತ್ತರಕ್ಕೆ ಮೂರು ದಿನ ಕೂತಿದ್ದೇವೆ. ಅದರಲ್ಲಿ ಎರಡನೇ ವಾಕ್ಯ ತೆಗೆದು ನೋಡಿದೆವು. ಏಜೆಂಟ್ ಮತ್ತೆ "ಸ್ಟಾಕ್ ಇಲ್ಲ" ಅನ್ನತೊಡಗಿತು. ವಾಪಸ್ ಹಾಕಿದೆವು.

ಇನ್ನು ಅಳತೆಯ ವಿಷಯ. ಹಳೇ ವಾಟ್ಸಾಪ್ ಮೆಸೇಜುಗಳಿಂದ 48 ಕೆಲಸ ಆರಿಸಿಕೊಂಡೆ. ಆರಿಸಲು ಕಾಕಾ ಜೊತೆಗೆ ಕೂತರು. "ಇದು ದಿನಾ ಬರ್ತೈತಿ, ಇದು ವರ್ಷಕ್ಕೊಮ್ಮೆ" ಅಂತ ಅವರು ಹೇಳಿದ್ದರಿಂದಲೇ ಪಟ್ಟಿ ನಿಜವಾದ ಪಟ್ಟಿಯಾಯಿತು. ಪ್ರತಿ ಕೆಲಸಕ್ಕೂ ಕೊನೆಯಲ್ಲಿ ಡೇಟಾಬೇಸ್ ಹೇಗಿರಬೇಕು ಅಂತ ಮೊದಲೇ ಬರೆದಿಟ್ಟೆ. ಏನೂ ಬದಲಾಗಬಾರದು ಅನ್ನುವ ಕೆಲಸಗಳೂ ಒಂಬತ್ತು ಇವೆ. ಡೀಲರ್ ಎಷ್ಟೇ ಒತ್ತಾಯ ಮಾಡಿದರೂ ಬಾಕಿ ಇರುವಾಗ ಆರ್ಡರ್ ಬೀಳಬಾರದು.

ಒಂದೊಂದು ಕೆಲಸವನ್ನೂ ಎಂಟು ಸಲ ಓಡಿಸುತ್ತೇನೆ. ಈ ದಾರಿ ನನಗೆ ಸಿಕ್ಕಿದ್ದು 2024ರಲ್ಲಿ ಬಂದ, ಏಜೆಂಟುಗಳನ್ನು ಅಳೆಯುವ ಟೌ-ಬೆಂಚ್ ಅನ್ನುವ ಪರೀಕ್ಷೆಯಿಂದ. ಅದರಲ್ಲಿ ಕೊನೆಗೆ ಡೇಟಾಬೇಸ್ ಹೇಗಿದೆ ಅಂತ ನೋಡುತ್ತಾರೆ, ಒಂದೇ ಕೆಲಸ ಅಷ್ಟೂ ಸಲ ಸರಿ ಬಂತಾ ಅಂತಲೂ ಲೆಕ್ಕ ಹಾಕುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಸರಿ ಅಂದರೆ ಕೇಳಲು ಚೆನ್ನಾಗಿದೆ. ಎಂಟು ಸಲವೂ ಸರಿ ಬರುವ ಸಾಧ್ಯತೆ ಲೆಕ್ಕ ಹಾಕಿ, ಶೇಕಡಾ 43ಕ್ಕೆ ಇಳಿಯುತ್ತದೆ. ಡೀಲರ್ ದಿನಾ ಬರುವವರು. ಅವರಿಗೆ ಬೇಕಾದ್ದು ಈ ಎರಡನೇ ಲೆಕ್ಕ.

ಮೊದಲ ಓಟದಲ್ಲಿ 48ರಲ್ಲಿ 13 ಕೆಲಸ ಮಾತ್ರ ಎಂಟಕ್ಕೆ ಎಂಟು ಬಂದವು. ಮಾಡೆಲ್ ಬದಲಿಸದೆ, ಟೂಲುಗಳು ‘ಇಲ್ಲ’ ಹೇಳುವ ರೀತಿಯನ್ನು ಮಾತ್ರ ತಿದ್ದಿದ ಮೇಲೆ 27ಕ್ಕೆ ಏರಿತು. 48ರಲ್ಲಿ 12 ಕೆಲಸಗಳನ್ನು ತಂಡಕ್ಕೆ ತೋರಿಸಿರಲಿಲ್ಲ. ಪ್ರಶ್ನೆಪತ್ರಿಕೆ ನೋಡಿ ಓದಿದ ಹಾಗೆ ಆಗಬಾರದಲ್ಲ. ಆ ಹನ್ನೆರಡರಲ್ಲೂ ಏರಿಕೆ ಕಂಡಾಗ ನನಗೆ ನಂಬಿಕೆ ಬಂತು. ಬೇರೆ ಕಂಪನಿಯ ಮಾಡೆಲ್ ಹಾಕಿಯೂ ನೋಡಿದೆ. ಅದರಲ್ಲೂ ಏರಿತು, ಸ್ವಲ್ಪ ಕಡಿಮೆ.

ಡೇಟಾಬೇಸನ್ನೇ ಯಾಕೆ ನೋಡಬೇಕು ಅನ್ನುವುದಕ್ಕೆ ಒಂದು ಸಂಗತಿ. ಉತ್ತರಗಳಿಗೆ ಅಂಕ ಕೊಡಲು ಇನ್ನೊಂದು ಮಾಡೆಲನ್ನೂ ಇಟ್ಟಿದ್ದೆವು. ಒಂದು ಸಂಭಾಷಣೆಗೆ ಅದು ಪೂರ್ತಿ ಅಂಕ ಕೊಟ್ಟಿತ್ತು. ಓದಿದರೆ ನಿಜಕ್ಕೂ ಚೆಂದದ ಉತ್ತರ: "ನಿಮ್ಮ 10 ಆಯಿಲ್ ಫಿಲ್ಟರ್ ಆರ್ಡರ್ ಆಗಿದೆ." ಡೇಟಾಬೇಸಿನಲ್ಲಿ 100 ಇತ್ತು. ಆರ್ಡರ್ ಟೂಲ್ ಕೇಳುತ್ತಿದ್ದದ್ದು ಬರೀ ‘ಕ್ವಾಂಟಿಟಿ’. ಏಜೆಂಟ್ 10 ಅಂತ ಕೊಟ್ಟಿತು. ಒಳಗೆ ಅದು ಪೆಟ್ಟಿಗೆ ಲೆಕ್ಕ, ಪೆಟ್ಟಿಗೆಗೆ ಹತ್ತು. ಈಗ ಅದರ ಹೆಸರೇ ‘ಪೆಟ್ಟಿಗೆಗಳ ಸಂಖ್ಯೆ’ ಅಂತ ಇದೆ, ಉತ್ತರದಲ್ಲಿ ಒಟ್ಟು ಎಷ್ಟು ಬಿಡಿ ಅಂತಲೂ ಬರುತ್ತದೆ. ಅಂಕ ಕೊಡುವ ಮಾಡೆಲನ್ನು ಈಗ ಲಾಗುಗಳನ್ನು ವಿಂಗಡಿಸಲು ಮಾತ್ರ ಬಳಸುತ್ತೇನೆ. ಪ್ರತಿ ಶುಕ್ರವಾರ ಮೂವತ್ತು ಲಾಗುಗಳನ್ನು ನಾನೇ ಮೊದಲಿನಿಂದ ಕೊನೆವರೆಗೆ ಓದುತ್ತೇನೆ. ಈ ಕೆಲಸಕ್ಕೆ ಅಡ್ಡದಾರಿ ನನಗಂತೂ ಸಿಕ್ಕಿಲ್ಲ.

ಇನ್ನೊಂದು ದಿನ ಆರ್ಡರ್ ಟೂಲ್ ನಿಧಾನವಾಗಿ ಟೈಮ್‌ಔಟ್ ಆಯಿತು, ಅಂದರೆ ಉತ್ತರ ಬರುವ ಮೊದಲೇ ಕಾಯುವ ಸಮಯ ಮುಗಿಯಿತು. ಏಜೆಂಟ್ ಮತ್ತೆ ಕರೆಯಿತು. ಒಂದರ ಬದಲು ಎರಡು ಆರ್ಡರ್ ಬಿದ್ದವು. ಪುಣ್ಯಕ್ಕೆ ಅದು ಟೆಸ್ಟ್ ಡೇಟಾಬೇಸು. ಇದನ್ನು ತಪ್ಪಿಸಲು ಪ್ರತಿ ಆರ್ಡರಿಗೂ ಒಂದು ಕೋರಿಕೆ ನಂಬರು ಇಟ್ಟೆವು. ಅದೇ ನಂಬರು ಎರಡನೇ ಸಲ ಬಂದರೆ ಮೊದಲಿನ ಆರ್ಡರನ್ನೇ ತೋರಿಸುತ್ತದೆ. ವಿಚಿತ್ರ ಅಂದರೆ, ಎರಡು ಸಲ ಕರೆದರೂ ತೊಂದರೆ ಇಲ್ಲ ಅನ್ನುವ ‘ಐಡೆಂಪೊಟೆಂಟ್ ಹಿಂಟ್’ ಗುರುತು ಆ ಟೂಲಿನ ಮೇಲೆ ಮೊದಲಿನಿಂದಲೂ ಇತ್ತು! ಎಂಸಿಪಿಯಲ್ಲಿ ಅದು ಬರೀ ಸೂಚನೆ. ಒಳಗಿನ ಕೋಡ್ ಹಾಗಿದೆ ಅಂತ ಯಾರೂ ಖಾತ್ರಿ ಕೊಡುವುದಿಲ್ಲ. ಅವತ್ತಿನಿಂದ ಆ ಗುರುತು ಇರುವ ಪ್ರತಿ ಟೂಲನ್ನೂ ಕೈಯಿಂದ ಎರಡು ಸಲ ಕರೆದು ನೋಡುತ್ತೇನೆ. ಓದಲು ಮಾತ್ರ ಅಂತ ಗುರುತು ಇದ್ದರೆ, ಕರೆಯುವ ಮೊದಲು ಮತ್ತು ಆಮೇಲೆ ಡೇಟಾಬೇಸ್ ಹೋಲಿಸುತ್ತೇನೆ.

ಹೆಸರುಗಳ ಗೊಂದಲ ಬೇಗ ಬಗೆಹರಿಯಿತು. ‘ಚೆಕ್ ಸ್ಟಾಕ್’, ‘ಗೆಟ್ ಇನ್ವೆಂಟರಿ’ ಅಂತ ಎರಡು ಟೂಲ್ ಇದ್ದವು. ವಿವರಣೆಗಳನ್ನು ಚೀಟಿಯಲ್ಲಿ ಬರೆದು ಹೊಸದಾಗಿ ಸೇರಿದ ಹುಡುಗನ ಮುಂದಿಟ್ಟೆ. ಯಾವುದನ್ನು ಕರೆಯಬೇಕು ಅಂತ ಅವನಿಗೂ ತಿಳಿಯಲಿಲ್ಲ. ಎರಡನ್ನೂ ಒಂದು ಮಾಡಿದೆವು. ಹುಡುಕುವ ಟೂಲ್ ಒಂದೇ ಸಲಕ್ಕೆ ಆರುನೂರು ಸಾಲು ಸುರಿಯುತ್ತಿತ್ತು. ಅದನ್ನು ಇಪ್ಪತ್ತಕ್ಕೆ ಇಳಿಸಿ, ಒಟ್ಟು ಎಷ್ಟಿವೆ, ಏನು ಕೇಳಿದರೆ ಕಡಿಮೆಯಾಗುತ್ತವೆ ಅಂತ ಕೊನೆಯಲ್ಲಿ ಬರೆದೆವು.

ಹೋದ ತಿಂಗಳು ಹೊಸ ಉತ್ತರಗಳನ್ನು ಕಾಕಾಗೆ ಓದಿ ಹೇಳಿದೆ. ನಾಲ್ಕೂ ಬಗೆ ಕೇಳಿ ತಲೆದೂಗಿದರು. ಆಮೇಲೆ ಮೂಲೆಯಲ್ಲಿ ಹಗ್ಗ ಕಟ್ಟಿಟ್ಟ ಆರು ಪೆಟ್ಟಿಗೆ ತೋರಿಸಿದರು. ಮೇಲೆ ಸೀಮೆಸುಣ್ಣದಲ್ಲಿ ಕೊಲ್ಹಾಪುರ ಅಂತ ಬರೆದಿತ್ತು.

"ಇದು ಐತಿ. ಆದ್ರ ಕೊಡಂಗಿಲ್ಲ. ಬ್ಯಾರೇದವ್ರು ಹೇಳಿಟ್ಟಾರ. ನಿಮ್ಮ ಮಷಿನ್ ಇದಕ್ಕ ಏನಂತೈತಿ?"

ಪರೀಕ್ಷಿಸಿದೆ. ಸ್ಟಾಕ್ 60 ಇದೆ ಅಂತ ಟೂಲ್ ಹೇಳಿತು, ಏಜೆಂಟ್ ಅದನ್ನು ಬೇರೆ ಡೀಲರಿಗೆ ಒಪ್ಪಿಸಿಬಿಟ್ಟಿತು. ಈಗ ಕಾದಿಟ್ಟ ಮಾಲನ್ನು ಟೂಲ್ ಬೇರೆಯಾಗಿ ತೋರಿಸುತ್ತದೆ. ಅದಕ್ಕೆ ನಾಲ್ಕು ಹೊಸ ಕೆಲಸ ಪಟ್ಟಿಗೆ ಸೇರಿಸಿದ್ದೇನೆ. ಮೂರು ಎಂಟಕ್ಕೆ ಎಂಟು ಬರುತ್ತಿವೆ. ನಾಲ್ಕನೆಯದರಲ್ಲಿ ಕೊಲ್ಹಾಪುರದವರು ತಮ್ಮ ಆರ್ಡರ್ ಅರ್ಧ ಬಿಟ್ಟುಕೊಡುತ್ತಾರೆ. ಅದು ಇನ್ನೂ ಐದರಲ್ಲೇ ನಿಂತಿದೆ.